ದುಡಿಯಲು ಬನ್ನಿ, ಬಾಳಲು ಬರಬೇಡಿ

ಆಫ್ರಿಕಾದ ಕಡೆಯಿಂದ ಬರುವ ವಲಸಿಗರ ದೋಣಿಗಳನ್ನು ತಡೆಯಲು ನೌಕಾಪಡೆಯನ್ನೇ ಸಮುದ್ರಕ್ಕಿಳಿಸಬೇಕು. 2022ರ ಚುನಾವಣೆಯಲ್ಲಿ ಜಾರ್ಜಿಯಾ ಮೆಲೊನಿ ಇಟಲಿಯ ಮತದಾರರಿಗೆ ಹೇಳಿದ ಮಾತಿದು. ಗೆದ್ದು ಪ್ರಧಾನಿಯಾದ ಮೇಲೆ, ಸಮುದ್ರದಲ್ಲಿ ಸಿಕ್ಕವರನ್ನು ಅಲ್ಬೇನಿಯಾಕ್ಕೆ ಸಾಗಿಸಿ ಅಲ್ಲೇ ಇರಿಸುವ ಒಪ್ಪಂದವನ್ನೂ ಮಾಡಿಕೊಂಡರು. ಯುರೋಪಿನ ಬಲಪಂಥೀಯರಿಗೆ ಆಕೆ ಈಗ ಮಾದರಿ. ಆದರೆ ಇದೇ ಮೆಲೊನಿ ಸರ್ಕಾರ 2023ರಿಂದ 2025ರವರೆಗಿನ ಮೂರು ವರ್ಷಕ್ಕೆ ಯುರೋಪ್ ಒಕ್ಕೂಟದ ಹೊರಗಿನ 4.52 ಲಕ್ಷ ಕೆಲಸಗಾರರಿಗೆ ವೀಸಾ ಕೋಟಾ ತೆರೆಯಿತು. ಆ ಅವಧಿ ಮುಗಿಯುವ ಮೊದಲೇ, 2025ರ ಜೂನ್ ಕೊನೆಯಲ್ಲಿ, 2026-28ಕ್ಕೆ ಇನ್ನೂ ಸುಮಾರು 5 ಲಕ್ಷ ಮಂದಿ ಬರಬಹುದು ಎಂದು ಘೋಷಿಸಿತು.

ಕಾರಣ ದೊಡ್ಡ ಗುಟ್ಟೇನಲ್ಲ. ಇಟಲಿಯಲ್ಲಿ ಮಕ್ಕಳು ಹುಟ್ಟುತ್ತಿಲ್ಲ. 2024ರಲ್ಲಿ ಅಲ್ಲಿ ಹುಟ್ಟಿದ ಶಿಶುಗಳು ಸುಮಾರು 3.7 ಲಕ್ಷ, ಒಬ್ಬ ಹೆಣ್ಣಿಗೆ ಸರಾಸರಿ 1.18 ಮಗು. ಟೊಮೆಟೊ ಕೀಳಲು, ಕೊಟ್ಟಿಗೆ ತೊಳೆಯಲು, ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳಲು ಜನ ಬೇಕು. ಪಾರ್ಮದ ಸುತ್ತಮುತ್ತ, ಜಗತ್ಪ್ರಸಿದ್ಧ ಚೀಸ್‌ಗೆ ಹಾಲು ಕೊಡುವ ಡೇರಿಗಳಲ್ಲಿ ಹಸು ನೋಡಿಕೊಳ್ಳುವವರಲ್ಲಿ ಎಷ್ಟೋ ಮಂದಿ ನಮ್ಮ ಪಂಜಾಬಿನವರು. ರೋಮ್‌ನ ದಕ್ಷಿಣಕ್ಕಿರುವ ಲಾಟಿನಾದ ಹೊಲಗಳಲ್ಲೂ ಅವರೇ. 2024ರ ಜೂನ್‌ನಲ್ಲಿ ಅದೇ ಲಾಟಿನಾದಲ್ಲಿ 31 ವರ್ಷದ ಭಾರತೀಯ ಕೂಲಿಕಾರನೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಅವನನ್ನು ಆಸ್ಪತ್ರೆಗೆ ಸೇರಿಸಲಿಲ್ಲ. ಮನೆ ಮುಂದೆ ತಂದು ಬಿಟ್ಟು, ತುಂಡಾದ ತೋಳನ್ನು ಹಣ್ಣಿನ ಕ್ರೇಟಿನಲ್ಲಿಟ್ಟು ಹೋದರು. ಎರಡು ದಿನದಲ್ಲಿ ಆತ ಸತ್ತ. ಕೆಲಸ ಮಾಡಲು ಬೇಕಾದ ಕಾಗದಪತ್ರ ಅವನ ಬಳಿ ಇರಲಿಲ್ಲ.

ಒಂದು ಕೈಯಲ್ಲಿ ದೋಣಿ ತಡೆದು ಇನ್ನೊಂದು ಕೈಯಲ್ಲಿ ವೀಸಾ ಕೊಡುವುದನ್ನು ನೋಡಿ ಮೆಲೊನಿಯದ್ದು ಎರಡು ನಾಲಿಗೆ ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಸೇರಿ ಒಂದೇ ನೀತಿ. ದುಡಿಮೆ ಬೇಕು, ದುಡಿಯುವ ಮನುಷ್ಯ ಇಲ್ಲಿ ಬೇರು ಬಿಡಬಾರದು. ಅವನ ಹೆಂಡತಿ, ಮಕ್ಕಳು, ದೇವರು, ಅಡುಗೆಯ ವಾಸನೆ, ಮತ, ಪಿಂಚಣಿ ಯಾವುದೂ ಬೇಡ. ಜಗತ್ತಿನ ವಲಸೆಯಲ್ಲಿ ಇವತ್ತು ಆಗುತ್ತಿರುವ ದೊಡ್ಡ ಬದಲಾವಣೆ ಇದು ಅಂತ ನನ್ನ ವಾದ. ಎಷ್ಟು ಜನ ಹೋಗುತ್ತಿದ್ದಾರೆ ಅನ್ನೋದಕ್ಕಿಂತ ಯಾವ ಕರಾರಿನ ಮೇಲೆ ಹೋಗುತ್ತಿದ್ದಾರೆ ಅನ್ನೋದನ್ನು ನಾವು ನೋಡಬೇಕು.

ಎಷ್ಟು ಜನ ಅನ್ನೋದನ್ನೂ ಹೇಳಿಬಿಡುತ್ತೇನೆ, ಯಾಕಂದ್ರೆ 'ವಲಸಿಗರ ಪ್ರವಾಹ' ಅನ್ನೋ ಮಾತು ನಮ್ಮ ಟಿವಿಗಳಿಗೂ ಬಂದುಬಿಟ್ಟಿದೆ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರ ಮಧ್ಯಭಾಗದಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿದ್ದವರು 30.4 ಕೋಟಿ. 1990ರಲ್ಲಿ 15.4 ಕೋಟಿ ಇತ್ತು. ಎರಡು ಪಟ್ಟಾಯ್ತಲ್ಲ ಅಂತ ಹೌಹಾರುವ ಮೊದಲು, ಅಷ್ಟರಲ್ಲಿ ಜಗತ್ತಿನ ಜನಸಂಖ್ಯೆಯೂ ಬೆಳೆದಿದೆ ಅನ್ನೋದು ನೆನಪಿರಲಿ. ಜನಸಂಖ್ಯೆಯಲ್ಲಿ ಶೇ. 2.9ರಷ್ಟಿದ್ದ ಅವರ ಪಾಲು ಈಗ ಶೇ. 3.7. ಅಂದರೆ 100 ಜನರಲ್ಲಿ 96 ಮಂದಿ ಹುಟ್ಟಿದ ದೇಶದಲ್ಲೇ ಇದ್ದಾರೆ. ಹೊರಗೆ ಹೋದವರಲ್ಲಿ ಅತಿ ಹೆಚ್ಚು ಭಾರತದವರು, ಸುಮಾರು 1.85 ಕೋಟಿ. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಅದೂ ಶೇ. 1.3ರ ಆಸುಪಾಸು ಅಷ್ಟೆ.

ಬಡತನ ಇದ್ದಲ್ಲಿಂದ ಜನ ಹೊರಡುತ್ತಾರೆ, ಬಡತನ ಹೋದರೆ ವಲಸೆ ನಿಲ್ಲುತ್ತದೆ ಅನ್ನೋದು ಇನ್ನೊಂದು ನಂಬಿಕೆ. ಡಚ್ ಸಮಾಜಶಾಸ್ತ್ರಜ್ಞ ಹೈನ್ ಡಿ ಹಾಸ್ ಇದನ್ನು ಬಹಳ ವರ್ಷಗಳಿಂದ ಅಲ್ಲಗಳೆಯುತ್ತಾ ಬಂದಿದ್ದಾರೆ. ಕಡು ಬಡವರು ದೇಶ ಬಿಡುವುದಿಲ್ಲ, ಬಿಡಲು ದುಡ್ಡು ಬೇಕು. ಪಾಸ್‌ಪೋರ್ಟ್, ಏಜೆಂಟ್, ಟಿಕೆಟ್, ಅಲ್ಲಿ ಮೊದಲ ತಿಂಗಳು ಇರಿಸಿಕೊಳ್ಳುವ ಸೋದರಮಾವ, ಇದೆಲ್ಲ ಬೇಕು. ಬಡ ದೇಶ ಸ್ವಲ್ಪ ಸುಧಾರಿಸಿದರೆ ಹೊರಹೋಗುವವರು ಮೊದಲು ಹೆಚ್ಚಾಗುತ್ತಾರೆ, ಕಡಿಮೆಯಾಗುವುದು ಆಮೇಲೆ. ಇದನ್ನು ಒಪ್ಪಲು ಕರ್ನಾಟಕದವರಿಗೆ ಪುಸ್ತಕ ಬೇಕಿಲ್ಲ. ರಾಯಚೂರು, ಯಾದಗಿರಿಯ ಹಳ್ಳಿಗಳವರು ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ದುಬೈ, ದಮ್ಮಾಮ್‌ಗೆ ಹೆಚ್ಚಾಗಿ ಹೊರಟಿದ್ದು ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು.

ಈ ಕರಾವಳಿ ಕಡೆಯವರಿಗೆ ನಾನು ಹೇಳಲು ಹೊರಟಿರುವ ಕರಾರಿನ ರುಚಿ ಚೆನ್ನಾಗಿ ಗೊತ್ತು. 1973ರ ನಂತರ ತೈಲದ ಬೆಲೆ ಏರಿ, ಗಲ್ಫ್ ದೇಶಗಳಲ್ಲಿ ರಸ್ತೆ, ಬಂದರು, ಊರು ಕಟ್ಟುವ ಕೆಲಸ ಶುರುವಾದಾಗ ಆ ಸರ್ಕಾರಗಳ ಮುಂದೆ ಒಂದು ಪ್ರಶ್ನೆ ಇತ್ತು. ಕೆಲಸಕ್ಕೆ ಲಕ್ಷಗಟ್ಟಲೆ ಜನ ಬೇಕು, ಆದರೆ ಅವರು ಪ್ರಜೆಗಳಾಗಬಾರದು. ಉತ್ತರವಾಗಿ ಸಿಕ್ಕಿದ್ದು ಕಫಾಲಾ. ನಿಮ್ಮ ವೀಸಾ ನಿಮ್ಮದಲ್ಲ, ಕಫೀಲನದು, ಅಂದರೆ ನಿಮ್ಮನ್ನು ಕರೆಸಿಕೊಂಡ ಮಾಲೀಕನದು. ಕೆಲಸ ಬಿಟ್ಟರೆ ದೇಶ ಬಿಡಬೇಕು. ಬೇರೆ ಕಡೆ ಸೇರಬೇಕಾದರೆ ಅವನ ಒಪ್ಪಿಗೆ ಬೇಕು. ಕೆಲವು ದೇಶಗಳಲ್ಲಿ ಊರಿಗೆ ಹೋಗಲೂ ಅವನ ಸಹಿ ಬೇಕಿತ್ತು. ಕಡಿಮೆ ಸಂಬಳದವರು ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. 40 ವರ್ಷ ದುಡಿದರೂ ಪೌರತ್ವದ ಮಾತೇ ಇಲ್ಲ, ನಿವೃತ್ತಿಯಾದ ಮೇಲೆ ಗಂಟುಮೂಟೆ ಕಟ್ಟಬೇಕು. ಯುಎಇಯಲ್ಲಿ, ಕತಾರ್‌ನಲ್ಲಿ ಹತ್ತರಲ್ಲಿ ಎಂಟು-ಒಂಬತ್ತು ಮಂದಿ ಹೊರಗಿನವರು, ಆದರೂ ಆಳುವವರಿಗೆ ಅದರಿಂದ ಯಾವ ತಲೆಬಿಸಿಯೂ ಇಲ್ಲ. ಭಟ್ಕಳದ ಬೀದಿಗಳಲ್ಲಿ ಎರಡು ಅಂತಸ್ತಿನ ಒಳ್ಳೊಳ್ಳೆ ಮನೆಗಳು ವರ್ಷದ ಬಹುಪಾಲು ಬೀಗ ಹಾಕಿಕೊಂಡು ನಿಂತಿರುವುದಕ್ಕೂ ಇದಕ್ಕೂ ಸಂಬಂಧ ಇದೆ. ಬದುಕು ಒಂದು ಕಡೆ, ಮನೆ ಇನ್ನೊಂದು ಕಡೆ.

ಪಶ್ಚಿಮದ ದೇಶಗಳು ಕಫಾಲಾವನ್ನು ಗುಲಾಮಿ ಪದ್ಧತಿ ಎಂದು ಬೈಯುತ್ತಾ ಬಂದವು. ಬೈದದ್ದು ಸರಿಯೇ. ವಿಶ್ವಕಪ್ ಫುಟ್‌ಬಾಲ್‌ಗೆ ಮೊದಲು ಒತ್ತಡ ಹೆಚ್ಚಿದಾಗ ಕತಾರ್ 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕು ಅನ್ನೋ ನಿಯಮ ತೆಗೆಯಿತು, ಕನಿಷ್ಠ ಕೂಲಿ ತಂದಿತು. ಸೌದಿಯೂ 2021ರಲ್ಲಿ ಸ್ವಲ್ಪ ಸಡಿಲಿಸಿತು. ಜಾರಿ ಎಷ್ಟರಮಟ್ಟಿಗೆ ಆಗಿದೆ ಅನ್ನೋದು ಬೇರೆ ಮಾತು. ತಮಾಷೆ ಏನಂದ್ರೆ, ಗಲ್ಫ್ ತನ್ನ ಹಗ್ಗವನ್ನು ಒಂದಿಷ್ಟು ಸಡಿಲಿಸಿದ ಇದೇ ಹೊತ್ತಿನಲ್ಲಿ, ಬೈಯುತ್ತಿದ್ದವರು ಅದೇ ಹಗ್ಗ ಹೊಸೆಯಲು ಕೂತಿದ್ದಾರೆ.

ಬ್ರಿಟನ್ ನೋಡಿ. ಬ್ರೆಕ್ಸಿಟ್ ಆದ ಮೇಲೆ ಯುರೋಪಿನ ಕೆಲಸಗಾರರು ಕಡಿಮೆಯಾದರು, ಕೋವಿಡ್ ಬಂತು, ವೃದ್ಧಾಶ್ರಮಗಳಲ್ಲಿ ಜನ ಇಲ್ಲದೆ ಹಾಹಾಕಾರವಾಯಿತು. 2022ರ ಫೆಬ್ರವರಿಯಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾ ತೆರೆದರು. ಭಾರತ, ನೈಜೀರಿಯಾ, ಜಿಂಬಾಬ್ವೆಗಳಿಂದ ಸಾವಿರಾರು ಮಂದಿ ಹೋದರು. ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಹೋದವರೇ ಹೆಚ್ಚು. ವೀಸಾ ಮಾಲೀಕನ ಪ್ರಾಯೋಜಕತ್ವಕ್ಕೆ ಕಟ್ಟಿಹಾಕಿದ್ದು. ಕೆಲವರು ಅಲ್ಲಿ ಇಳಿದ ಮೇಲೆ ಹೇಳಿದ ಕೆಲಸವೇ ಇರಲಿಲ್ಲ, ಕಂಪನಿ ಕಾಗದದಲ್ಲಿ ಮಾತ್ರ ಇತ್ತು. ಕಂಪನಿಯ ಪರವಾನಗಿ ರದ್ದಾದರೆ ಶಿಕ್ಷೆ ಮೊದಲು ತಟ್ಟುವುದು ಕೆಲಸಗಾರರಿಗೆ, 60 ದಿನದಲ್ಲಿ ಹೊಸ ಪ್ರಾಯೋಜಕರನ್ನು ಹುಡುಕಬೇಕು ಅಥವಾ ವಾಪಸ್ ಹೊರಡಬೇಕು. 2024ರ ಮಾರ್ಚ್‌ನಲ್ಲಿ ಹೊಸದಾಗಿ ಬರುವ ಕೇರ್ ವರ್ಕರ್‌ಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ ಎಂದರು. 2025ರ ಜುಲೈ 22ರಿಂದ ಹೊರದೇಶದ ಹೊಸ ನೇಮಕಾತಿಯನ್ನೇ ನಿಲ್ಲಿಸಿದರು. ಅದೇ ನವೆಂಬರಿನಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್ ಇನ್ನೊಂದು ಪ್ರಸ್ತಾವ ಮುಂದಿಟ್ಟರು. ಖಾಯಂ ವಾಸದ ಹಕ್ಕಿಗೆ ಈವರೆಗೆ 5 ವರ್ಷ ಕಾಯಬೇಕಿತ್ತು, ಇನ್ನು ಸಾಮಾನ್ಯವಾಗಿ 10, ಕೇರ್ ವರ್ಕರ್‌ಗಳಂಥ ಕೆಳಹಂತದ ಕೆಲಸದವರಿಗೆ 15 ವರ್ಷ. ಈಗಾಗಲೇ ಅಲ್ಲಿರುವವರಿಗೂ ಇದನ್ನು ಅನ್ವಯಿಸುವ ಮಾತು. ಮಹಮೂದ್ ಸ್ವತಃ ಪಾಕಿಸ್ತಾನ ಮೂಲದ ವಲಸಿಗ ಕುಟುಂಬದ ಮಗಳು. ಅವರದ್ದು ಲೇಬರ್ ಪಕ್ಷ. ಹಾಗಾಗಿ ಇದನ್ನು ಬಲಪಂಥದ ಖಾತೆಗೆ ಮಾತ್ರ ಬರೆಯುವಂತಿಲ್ಲ.

60 ದಿನ ಅನ್ನೋ ಸಂಖ್ಯೆ ಓದಿದಾಗ ಅಮೆರಿಕದಲ್ಲಿರುವ ಕನ್ನಡಿಗ ಓದುಗರಿಗೆ ಮೈ ಝುಂ ಎಂದಿರುತ್ತದೆ. ಎಚ್-1ಬಿ ವೀಸಾದಲ್ಲಿರುವವರ ಕೆಲಸ ಹೋದರೂ ಅವರಿಗೆ ಸಿಗುವುದು ಅಷ್ಟೇ ದಿನ. ಲೀಡ್ಸ್‌ನಲ್ಲಿ ಅಜ್ಜಿಗೆ ಸ್ನಾನ ಮಾಡಿಸುವ ಹೆಂಗಸಿಗೂ ನ್ಯೂಜೆರ್ಸಿಯಲ್ಲಿ ಕೋಡ್ ಬರೆಯುವ ಎಂಜಿನಿಯರನಿಗೂ ಸಂಬಳದಲ್ಲಿ ಆಕಾಶ-ಭೂಮಿಯ ಅಂತರ, ಆದರೆ ಇಬ್ಬರ ಕೊರಳಿಗೂ ಒಂದೇ ಉದ್ದದ ಹಗ್ಗ. ನಾನು ಎಂಜಿನಿಯರಿಂಗ್ ಮುಗಿಸಿದ ಬ್ಯಾಚಿನಲ್ಲಿ ಈ ವೀಸಾದ ಮೇಲೆ ಹೋದವರು ಹಲವರು. ನಾವು ಅದನ್ನು ಕಫಾಲಾದ ಸಾಲಿನಲ್ಲಿ ಇಟ್ಟು ಯೋಚಿಸಿದವರೇ ಅಲ್ಲ, ಅದು 'ಲೇಬರ್' ಹೋಗುವವರ ಕಥೆ, ನಮ್ಮದು 'ಆನ್‌ಸೈಟ್'. ಜಾತಿ, ವರ್ಗ ಎರಡೂ ಕೆಲಸ ಮಾಡಿದ ಪದಬಳಕೆ ಅದು.

2025ರ ಸೆಪ್ಟೆಂಬರ್ 19ರಂದು ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂದು ಸಹಿ ಹಾಕಿದರು. ಸುಮಾರು 88 ಲಕ್ಷ ರೂಪಾಯಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಸರೆಗೆಂದು ಊರಿಗೆ ಬಂದಿದ್ದ ಇಬ್ಬರು ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಸಿಕ್ಕ ಬೆಲೆಗೆ ಟಿಕೆಟ್ ಹುಡುಕುತ್ತಿದ್ದರು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸುವುದಿಲ್ಲ ಅನ್ನೋ ಸ್ಪಷ್ಟನೆ ಬಂದದ್ದು ಆಮೇಲೆ. ಆ ಗಲಾಟೆಯಲ್ಲಿ ಹೆಚ್ಚು ಜನ ಗಮನಿಸದ ಸಂಗತಿ ಅಂದರೆ, ಅದೇ ದಿನ ಟ್ರಂಪ್ ಇನ್ನೊಂದು ಆದೇಶಕ್ಕೂ ಸಹಿ ಹಾಕಿದ್ದರು. 10 ಲಕ್ಷ ಡಾಲರ್ ಕೊಟ್ಟವರಿಗೆ ಖಾಯಂ ವಾಸದ ದಾರಿ ತೆರೆಯುವ 'ಗೋಲ್ಡ್ ಕಾರ್ಡ್'. ದುಬೈ ಈ ಕೆಲಸವನ್ನು 2019ರಲ್ಲೇ ಗೋಲ್ಡನ್ ವೀಸಾ ಹೆಸರಲ್ಲಿ ಮಾಡಿತ್ತು. ಬೇರೂರುವ ಹಕ್ಕಿಗೆ ದುಡಿಮೆಯ ವರ್ಷಗಳಿಗಿಂತ ಬ್ಯಾಂಕಿನ ಸೊನ್ನೆಗಳು ಮುಖ್ಯ ಅನ್ನೋದರಲ್ಲಿ ಇಬ್ಬರದ್ದೂ ಒಂದೇ ಮನಸ್ಸು.

ಅಮೆರಿಕದ ಹಗ್ಗ ಟ್ರಂಪ್ ಬಂದ ಮೇಲೆ ಹುಟ್ಟಿದ್ದಲ್ಲ. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1.4 ಲಕ್ಷ, ಯಾವ ಒಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚಿಲ್ಲ. 140 ಕೋಟಿಯ ಭಾರತಕ್ಕೂ 4 ಲಕ್ಷದ ಐಸ್‌ಲ್ಯಾಂಡ್‌ಗೂ ಮಿತಿ ಒಂದೇ. ಎಚ್-1ಬಿ ಪಡೆಯುವವರಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಭಾರತೀಯರು ಇರುವಾಗ ಸಾಲು ಎಷ್ಟುದ್ದ ಆಗಬೇಡ? 2025ರ ಕೊನೆಯಲ್ಲಿ, ಭಾರತೀಯರ ಮುಖ್ಯ ವಿಭಾಗಗಳಲ್ಲಿ 2013ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ನನ್ನ ಗೆಳೆಯನೊಬ್ಬನ ಮಗಳು ಮೂರು ವರ್ಷದವಳಿದ್ದಾಗ ಹೋದವಳು, ಈಗ ಹೈಸ್ಕೂಲು. ಅವಳಿಗೆ 21 ತುಂಬುವುದರೊಳಗೆ ಅಪ್ಪನ ಕಾರ್ಡ್ ಬರದಿದ್ದರೆ ಅವಳು ಅವನ ಅವಲಂಬಿತಳಾಗಿ ಅಲ್ಲಿರುವಂತಿಲ್ಲ. ಕನ್ನಡ ಓದಲು ಬಾರದ ಆ ಹುಡುಗಿಗೆ 'ನಿನ್ನ ದೇಶಕ್ಕೆ ಹೋಗು' ಎಂದರೆ ಯಾವ ದೇಶ?

ಇಷ್ಟೆಲ್ಲ ಬಿಗಿ ಮಾಡಿದರೆ ಕೊನೆಗೆ ಏನಾಗುತ್ತದೆ ಅನ್ನೋದಕ್ಕೆ ಇತಿಹಾಸ ಇದೆ. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯ ಜೊತೆ, 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು 'ಅತಿಥಿ ಕೆಲಸಗಾರ'ರನ್ನು ಕರೆಸಿಕೊಂಡಿತು. ಒಂದೆರಡು ವರ್ಷ ದುಡಿದು ಹೋಗುತ್ತಾರೆ, ಬದಲಿಗೆ ಇನ್ನೊಬ್ಬರು ಬರುತ್ತಾರೆ ಅನ್ನೋದು ಲೆಕ್ಕ. ಸುಮಾರು 1.4 ಕೋಟಿ ಮಂದಿ ಬಂದರು, 1.1 ಕೋಟಿ ಮಂದಿ ಹಾಗೆಯೇ ವಾಪಸ್ ಹೋದರು ಕೂಡ. 1973ರ ನವೆಂಬರಿನಲ್ಲಿ, ತೈಲ ಬಿಕ್ಕಟ್ಟಿನ ನಡುವೆ, ಸರ್ಕಾರ ನೇಮಕಾತಿ ನಿಲ್ಲಿಸಿತು. ಒಳಗಿದ್ದ ಟರ್ಕಿಯವರು ಏನು ಮಾಡಿದರು? ಊರಿಗೆ ಹೋದರೆ ಮತ್ತೆ ಬರಲಾಗುವುದಿಲ್ಲ ಅಂತ ಗೊತ್ತಾದ ಮೇಲೆ ಹೋಗುವುದನ್ನೇ ಬಿಟ್ಟರು, ಹೆಂಡತಿ-ಮಕ್ಕಳನ್ನು ಕರೆಸಿಕೊಂಡರು. ತಾತ್ಕಾಲಿಕವಾಗಿದ್ದವರನ್ನು ಖಾಯಂ ಮಾಡಿದ್ದು ಆ ತಡೆಯಾಜ್ಞೆ.

ಮೆಕ್ಸಿಕೊ-ಅಮೆರಿಕ ಗಡಿಯಲ್ಲೂ ಅದೇ ಆಯಿತು. ಹಿಂದೆಲ್ಲ ಸುಗ್ಗಿಗೆ ಬಂದು ಹಬ್ಬಕ್ಕೆ ಊರಿಗೆ ಹೋಗುವವರು ಬಹಳ ಮಂದಿ. 1990ರ ದಶಕದಲ್ಲಿ ಬೇಲಿ, ಕಾವಲು ಹೆಚ್ಚಿದಷ್ಟೂ ದಾಟುವ ಖರ್ಚು, ಅಪಾಯ ಎರಡೂ ಏರಿದವು. ಒಮ್ಮೆ ದಾಟಿದವರು ಮತ್ತೆ ಹಿಂದೆ ಹೋಗುವ ಧೈರ್ಯ ಮಾಡಲಿಲ್ಲ. ಪ್ಯೂ ಸಂಶೋಧನಾ ಕೇಂದ್ರದ ಅಂದಾಜಿನಂತೆ, ದಾಖಲೆ ಇಲ್ಲದೆ ಅಮೆರಿಕದಲ್ಲಿದ್ದವರು 1990ರಲ್ಲಿ 35 ಲಕ್ಷ, 2007ರ ಹೊತ್ತಿಗೆ 1.2 ಕೋಟಿ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದಲ್ಲ, ಮೇಲೆ ಬಂದ ನೀರನ್ನು ಮತ್ತೆ ಕೆಳಗೆ ಇಳಿಯಲು ಬಿಡದಂಥದ್ದು, ಬಿಗಿ ಗಡಿಗಳು ಕೆಲಸ ಮಾಡುವುದು ಹಾಗೆ. ತಡೆಗೋಡೆ ಕಟ್ಟುವವರು ಒಳಬರುವ ದಿಕ್ಕನ್ನು ಮಾತ್ರ ಲೆಕ್ಕ ಹಾಕುತ್ತಾರೆ.

ಈ ಮಾತು ಹೇಳುವಾಗ ಅಲ್ಲಿನ ಮತದಾರರೆಲ್ಲ ಜನಾಂಗದ್ವೇಷಿಗಳು ಅಂತ ಚಿತ್ರಿಸುವುದು ನನಗೆ ಒಪ್ಪಿಗೆ ಇಲ್ಲ. ಕೆನಡಾ ಉದಾಹರಣೆ ಇದೆ. ಅಲ್ಲಿನ ಕೆಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಶುಲ್ಕದ ಮೇಲೆಯೇ ನಡೆಯತೊಡಗಿದ್ದವು, ಪಾಠಕ್ಕಿಂತ ವೀಸಾ ಮಾರುವುದೇ ಕಸುಬಾಗಿತ್ತು. ಸಣ್ಣ ಊರುಗಳಲ್ಲಿ ಮನೆ ಸಿಗುತ್ತಿರಲಿಲ್ಲ, ಒಂದು ನೆಲಮಾಳಿಗೆಯಲ್ಲಿ ಹತ್ತು ಮಂದಿ ಹುಡುಗರು. ಬಾಡಿಗೆ ಏರಿದ್ದಕ್ಕೆ ಸ್ಥಳೀಯರು ಸಿಟ್ಟಾದರೆ ಅದು ಕಲ್ಪನೆಯ ಸಿಟ್ಟಲ್ಲ. 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗೆ ಮಿತಿ ಹಾಕಿದರು, ಅಕ್ಟೋಬರಿನಲ್ಲಿ ಖಾಯಂ ವಾಸದ ಗುರಿಯನ್ನು ಮುಂದಿನ ವರ್ಷಕ್ಕೆ 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿದರು. ಆದರೆ ಮನೆ ಕಟ್ಟದೆ ಇದ್ದದ್ದು, ಕಾಲೇಜುಗಳಿಗೆ ಲಗಾಮು ಹಾಕದೆ ಇದ್ದದ್ದು ಅಲ್ಲಿನ ಸರ್ಕಾರಗಳು. ಬೆಲೆ ತೆತ್ತದ್ದು ಹೊಲ ಅಡವಿಟ್ಟು ಮಗನನ್ನು ಕಳಿಸಿದ ಪಂಜಾಬಿನ ಅಪ್ಪ.

ನಾವೂ ಕಡಿಮೆಯೇನಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ಪಾತ್ರೆ ತೊಳೆಯಲು ಬಂಗಾಳದ ಹೆಂಗಸು ಬೇಕು, ಆದರೆ ಅವಳಿಗೆ ಬೇರೆ ಲಿಫ್ಟು. ಅವಳು ವಾಸವಿರುವ ಶೆಡ್ಡುಗಳಿಗೆ ಜೆಸಿಬಿ ಬಂದರೆ ಅದೇ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ 'ಬಾಂಗ್ಲಾದವರು ಬಿಡಿ' ಅನ್ನೋ ಸಂದೇಶ. ಮೆಲೊನಿಯನ್ನು ಅರ್ಥ ಮಾಡಿಕೊಳ್ಳಲು ರೋಮ್‌ವರೆಗೆ ಹೋಗಬೇಕಿಲ್ಲ.

ಕೆಲಸಕ್ಕೆ ಹೋಗುವವರ ವಿಷಯ ಇದಾದರೆ, ಜೀವ ಉಳಿಸಿಕೊಳ್ಳಲು ಓಡುವವರದ್ದು ಬೇರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕಕ್ಕೆ ಒಂದು ಆಶ್ಚರ್ಯದ ಸುದ್ದಿ ಬಂತು. ನಮ್ಮ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಅಲ್ಲಿನ ಅಲ್ ಫಾಶಿರ್ ಊರಿನಲ್ಲಿ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಹೋದವರು. ಬೇಟೆ ನಿಷೇಧವಾದ ಮೇಲೆ ಬೇರೆ ಕಸುಬು ಹುಡುಕಿಕೊಂಡ ಈ ಜನ, ಯಾವ ಕೌಶಲ ತರಬೇತಿಯೂ ಯಾವ ಸರ್ಕಾರಿ ಒಪ್ಪಂದವೂ ಇಲ್ಲದೆ, ಒಬ್ಬರ ಹಿಂದೆ ಒಬ್ಬರು ಆಫ್ರಿಕಾದ ಊರುಗಳನ್ನು ಕಂಡುಕೊಂಡಿದ್ದರು. ಅವರ ರಕ್ಷಣೆಯ ವಿಷಯ ಸಿದ್ದರಾಮಯ್ಯ ಮತ್ತು ಜೈಶಂಕರ್ ನಡುವಿನ ಟ್ವಿಟರ್ ಜಗಳವಾಯಿತು, ಚುನಾವಣೆ ಬೇರೆ ಇತ್ತು. ಕೊನೆಗೆ 'ಆಪರೇಷನ್ ಕಾವೇರಿ'ಯಲ್ಲಿ ಮರಳಿದರು.

ನಮ್ಮವರು ಬಂದರು, ಸುದ್ದಿ ಮುಗಿಯಿತು. ಅಲ್ ಫಾಶಿರ್‌ನ ಜನ ಅಲ್ಲೇ ಉಳಿದರು. ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರಿನಲ್ಲಿ ಆರ್‌ಎಸ್‌ಎಫ್ ಪಡೆ ಆ ಊರನ್ನು ವಶಪಡಿಸಿಕೊಂಡಿತು, ಸಾಮೂಹಿಕ ಕೊಲೆಗಳ ವರದಿಗಳು ಬಂದವು. 2024ರ ಕೊನೆಗೇ ಮನೆ ಬಿಟ್ಟ ಸುಡಾನಿಗಳ ಸಂಖ್ಯೆ 1.43 ಕೋಟಿ. ಜಗತ್ತಿನಲ್ಲಿ ಯಾವ ದೇಶದ್ದೂ ಇಷ್ಟಿಲ್ಲ. ಅವರೆಲ್ಲ ಎಲ್ಲಿದ್ದಾರೆ? ಬಹುಪಾಲು ಸುಡಾನಿನ ಒಳಗೇ, ಉಳಿದವರು ಹೆಚ್ಚಾಗಿ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್‌ಗಳಲ್ಲಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ನಿರಾಶ್ರಿತರಲ್ಲಿ ಶೇ. 73 ಮಂದಿ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಲಂಡನ್ನಿನಲ್ಲಿ, ರೋಮ್‌ನಲ್ಲಿ ಚುನಾವಣೆ ಗೆಲ್ಲಿಸುವ 'ನಿರಾಶ್ರಿತರ ಬಿಕ್ಕಟ್ಟ'ನ್ನು ನಿಜವಾಗಿ ಹೊತ್ತಿರುವುದು ಚಾಡ್‌ನಂಥ ದೇಶ.

ಬೇರೆ ದಾರಿ ಇಲ್ಲವೇ ಅಂದರೆ ಇದೆ, ಅದೂ ಶ್ರೀಮಂತರಲ್ಲದ ದೇಶದಲ್ಲಿ. ವೆನೆಜುವೆಲಾದಿಂದ ಓಡಿಬಂದ ಸುಮಾರು 17 ಲಕ್ಷ ಮಂದಿ ಕೊಲಂಬಿಯಾದಲ್ಲಿದ್ದಾಗ, 2021ರಲ್ಲಿ ಅಲ್ಲಿನ ಅಧ್ಯಕ್ಷ ಇವಾನ್ ಡುಕೆ ಅವರಿಗೆ 10 ವರ್ಷದ ಪರವಾನಗಿ ಕೊಡುವ ನಿರ್ಧಾರ ಮಾಡಿದರು. ಡುಕೆ ಎಡಪಂಥೀಯರೇನಲ್ಲ. ಆ ಪರವಾನಗಿ ವ್ಯಕ್ತಿಯದ್ದು, ಮಾಲೀಕನದಲ್ಲ. ಎಲ್ಲಿ ಬೇಕಾದರೂ ಕೆಲಸ ಮಾಡಬಹುದು, ಆಸ್ಪತ್ರೆಗೆ ಹೋಗಬಹುದು, ಮಕ್ಕಳನ್ನು ಶಾಲೆಗೆ ಸೇರಿಸಬಹುದು. ಜಾರಿಯಲ್ಲಿ ತೊಡಕುಗಳಿದ್ದವು, ಅಸಮಾಧಾನವೂ ಇತ್ತು. ದೇಶವೇನೂ ಮುಳುಗಲಿಲ್ಲ.

ಈಗ ದೆಹಲಿಗೆ ಬರೋಣ. ಮಕ್ಕಳಿಲ್ಲದ ದೇಶಗಳಿಗೆಲ್ಲ ಈಗ ಭಾರತದ ಮೇಲೆ ಕಣ್ಣು. ಜರ್ಮನಿ 2024ರಲ್ಲಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ಜಪಾನ್ ಐದು ವರ್ಷದಲ್ಲಿ 50 ಸಾವಿರ ನುರಿತ ಭಾರತೀಯರನ್ನು ಕರೆಸಿಕೊಳ್ಳುವ ಯೋಜನೆಗೆ 2025ರ ಆಗಸ್ಟಿನಲ್ಲಿ ಒಪ್ಪಿತು. ಇಸ್ರೇಲ್ ಜೊತೆ 42 ಸಾವಿರ ಮಂದಿಯ ಒಪ್ಪಂದ ಮೊದಲೇ ಆಗಿತ್ತು. 2023ರ ಅಕ್ಟೋಬರ್ 7ರ ನಂತರ ಇಸ್ರೇಲ್ ಪ್ಯಾಲೆಸ್ಟೀನಿಯರ ಕೆಲಸದ ಪರವಾನಗಿ ರದ್ದು ಮಾಡಿದಾಗ, ಆ ಖಾಲಿ ಜಾಗಕ್ಕೆ ಹರಿಯಾಣದ ರೋಹ್ಟಕ್‌ನಲ್ಲಿ ಗಾರೆ, ಕಬ್ಬಿಣ ಕಟ್ಟುವವರ ಆಯ್ಕೆ ನಡೆಯಿತು. ತಿಂಗಳಿಗೆ 1.37 ಲಕ್ಷ ಸಂಬಳ ಅಂದಾಗ ಯುದ್ಧದ ಊರಿಗೂ ಚಳಿಯಲ್ಲಿ ಸಾಲು ನಿಂತರು. ಬಾಂಬಿಗಿಂತ ನಿರುದ್ಯೋಗಕ್ಕೆ ಹೆಚ್ಚು ಹೆದರಿದ ಹುಡುಗರು.

ಇಷ್ಟು ಬೇಡಿಕೆ ಇರುವಾಗ ಚೌಕಾಸಿ ಮಾಡುವ ಶಕ್ತಿಯೂ ನಮ್ಮಲ್ಲಿರಬೇಕಲ್ಲ? ಹೊರಗಿನವರು 2024-25ರಲ್ಲಿ ಭಾರತಕ್ಕೆ ಕಳಿಸಿದ ಹಣ ಸುಮಾರು 13,500 ಕೋಟಿ ಡಾಲರ್. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ ಅಂಥ ಹಣದಲ್ಲಿ ಕರ್ನಾಟಕಕ್ಕೆ ಬರುವ ಪಾಲು ಶೇ. 7.7. ಮಂತ್ರಿಗಳು ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅದನ್ನು ಕಳಿಸುವವರ ಪರವಾಗಿ ಕೂತು ಮಾತಾಡುವಾಗ ನಮ್ಮ ದನಿ ಯಾಕೆ ಅಷ್ಟು ಮೆಲ್ಲಗೆ? ಕೋವಿಡ್ ಸಮಯದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಗಲ್ಫ್‌ಗೆ ಹೋಗುವ ಕೆಲಸಗಾರರಿಗೆ ತಾನೇ ನಿಗದಿ ಮಾಡಿದ್ದ ಕನಿಷ್ಠ ಸಂಬಳವನ್ನು ಭಾರತ ಸರ್ಕಾರ ಶೇ. 30ರಿಂದ 50ರವರೆಗೆ ಇಳಿಸಿತು. ಬೇರೆ ದೇಶದವರು ಕಡಿಮೆಗೆ ಸಿಗುತ್ತಾರೆ, ನಮ್ಮವರ ಕೆಲಸ ಉಳಿಯಲಿ ಅನ್ನೋದು ವಾದ. ತೆಲಂಗಾಣದ ವಲಸಿಗರ ಸಂಘಟನೆಯವರು ಹೈಕೋರ್ಟ್ ಮೆಟ್ಟಿಲೇರಿದರು, 2021ರಲ್ಲಿ ಹಳೆಯ ದರ ಮರಳಿತು.

ಫಿಲಿಪ್ಪೀನ್ಸ್ ಇದೇ ಕೆಲಸವನ್ನು ಹೇಗೆ ಮಾಡುತ್ತದೆ ನೋಡಿ. 2006ರಲ್ಲೇ ಮನೆಕೆಲಸದವರಿಗೆ ತಿಂಗಳಿಗೆ 400 ಡಾಲರ್‌ಗಿಂತ ಕಡಿಮೆ ಕೊಡುವಂತಿಲ್ಲ ಎಂದಿತು. 2018ರಲ್ಲಿ ಕುವೈತ್‌ನಲ್ಲಿ ತನ್ನ ದೇಶದ ಹೆಣ್ಣುಮಗಳೊಬ್ಬಳ ಶವ ಫ್ರೀಜರಿನಲ್ಲಿ ಸಿಕ್ಕಾಗ ಕೆಲಸಗಾರರನ್ನು ಕಳಿಸುವುದನ್ನೇ ನಿಲ್ಲಿಸಿ, ಕೆಲಸಗಾರರ ಪಾಸ್‌ಪೋರ್ಟ್ ಮಾಲೀಕ ಕಿತ್ತಿಟ್ಟುಕೊಳ್ಳುವಂತಿಲ್ಲ ಅನ್ನೋ ಒಪ್ಪಂದ ಮಾಡಿಸಿಕೊಂಡಿತು. ನಮಗಿಂತ ಸಣ್ಣ ದೇಶ. ಅದೇ ಕುವೈತ್‌ನ ಮಂಗಾಫ್‌ನಲ್ಲಿ 2024ರ ಜೂನ್ 12ರ ಬೆಳಗಿನ ಜಾವ ಕೆಲಸಗಾರರ ವಸತಿಗೆ ಬೆಂಕಿ ಬಿದ್ದು ಸುಮಾರು 50 ಮಂದಿ ಸತ್ತರು. ಬಹುತೇಕ ಎಲ್ಲರೂ ಭಾರತೀಯರು, ಅವರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನವರೊಬ್ಬರಿದ್ದರು. ಶವಗಳನ್ನು ವಾಯುಪಡೆಯ ವಿಮಾನದಲ್ಲಿ ತಂದದ್ದು ಮೂರನೇ ದಿನ. ಅಷ್ಟು ಬೇಗ ಕೆಲಸ ಮಾಡಬಲ್ಲ ಸರ್ಕಾರ, ಅವರು ಬದುಕಿದ್ದಾಗ ಆ ಕಟ್ಟಡದಲ್ಲಿ ಎಷ್ಟು ಮಂದಿಯನ್ನು ತುಂಬಿದ್ದಾರೆ ಅಂತ ಕೇಳಿಸಬಹುದಿತ್ತು.

ಕೇರಳ 1998ರಿಂದ ಮನೆಮನೆಗೆ ಹೋಗಿ ವಲಸೆ ಸಮೀಕ್ಷೆ ಮಾಡಿಸುತ್ತಿದೆ, 2023ರಲ್ಲಿ ಹೊರದೇಶದಲ್ಲಿರುವ ಮಲಯಾಳಿಗಳು ಸುಮಾರು 22 ಲಕ್ಷ ಎಂದು ಅದಕ್ಕೆ ಗೊತ್ತು. ಅಷ್ಟು ಕಾಲದ, ಅಷ್ಟು ವಿವರದ ಲೆಕ್ಕ ನಮ್ಮ ರಾಜ್ಯದ ಬಳಿ ಇಲ್ಲ. ಎನ್‌ಆರ್‌ಐ ಫೋರಂ ಅಂತ ಒಂದಿದೆ, ಆದರೆ ನಮ್ಮಲ್ಲಿ ಅನಿವಾಸಿ ಅಂದ ತಕ್ಷಣ ಕಣ್ಣಮುಂದೆ ಬರುವುದು ಬಂಡವಾಳ ಹೂಡುವವರು, ಅಕ್ಕ ಸಮ್ಮೇಳನದವರು.

1983ರ ವಲಸೆ ಕಾಯ್ದೆಯ ಜಾಗಕ್ಕೆ ಹೊಸ ಕಾನೂನು ತರಲು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರಿನಲ್ಲಿ ಒಂದು ಕರಡು ಮಸೂದೆಯನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಿತು. ಅದರ ಹೆಸರಿನಲ್ಲಿ 'ವಲಸೆ' ಅನ್ನೋ ಪದವೇ ಇಲ್ಲ, 'ಓವರ್‌ಸೀಸ್ ಮೊಬಿಲಿಟಿ' ಇದೆ. ಅನುಕೂಲ ಮಾಡಿಕೊಡುವುದು ಮೊದಲು, ಕಲ್ಯಾಣ ಆಮೇಲೆ. ಹಳೆಯ ಕಾಯ್ದೆಯಡಿ ಏಜೆಂಟರು ಕೆಲಸಗಾರರಿಂದ 30 ಸಾವಿರ ರೂಪಾಯಿಗಿಂತ ಹೆಚ್ಚು ಸೇವಾಶುಲ್ಕ ತೆಗೆದುಕೊಳ್ಳುವಂತಿಲ್ಲ. ಆ ದರಕ್ಕೆ ಗಲ್ಫ್‌ಗೆ ಕಳಿಸಿದ ಏಜೆಂಟನನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದರೆ ನನಗೂ ತೋರಿಸಿ. ಹೊಸ ಮಸೂದೆ ಸಂಸತ್ತಿನ ಮುಂದೆ ಬಂದ ದಿನ ಮಂಗಳೂರು, ಉಡುಪಿ, ಉತ್ತರ ಕನ್ನಡದ ಸಂಸದರು ಎದ್ದುನಿಂತು ಕೇಳಬೇಕಾದದ್ದು ಕೆಲವಿದೆ. ನೇಮಕಾತಿಯ ಖರ್ಚನ್ನು ಕರೆಸಿಕೊಳ್ಳುವ ಮಾಲೀಕನೇ ಕೊಡಬೇಕು ಅಂತ ಕಾನೂನಿನಲ್ಲಿ ಬರೆಯುತ್ತೀರಾ? ಜರ್ಮನಿ, ಜಪಾನ್, ಇಸ್ರೇಲ್‌ಗಳ ಜೊತೆ ಕೂತಾಗ ಮಾಲೀಕ ಸರಿಯಿಲ್ಲದಿದ್ದರೆ ಬೇರೆ ಕಡೆ ಸೇರುವ ಹಕ್ಕು, ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕು ಕೇಳಿದ್ದೀರಾ, ಕೇಳಿದ್ದರೆ ಅವರು ಏನೆಂದರು? ಅಲ್ಲಿ ಕಟ್ಟಿದ ಪಿಂಚಣಿ ದುಡ್ಡು ಊರಿಗೆ ಮರಳಿದವರ ಕೈಗೆ ಬರುತ್ತದಾ? ಮತ್ತೆ ಮಂಗಾಫ್‌ನಂಥ ಕಟ್ಟಡಗಳ ತಪಾಸಣೆಗೆ ನಮ್ಮ ರಾಯಭಾರ ಕಚೇರಿಯಿಂದ ವರ್ಷಕ್ಕೆ ಎಷ್ಟು ಸಲ ಹೋಗುತ್ತಾರೆ?